ಸಬೂರ್ ಷಾ ಬಾಗಿಲಿಗೆ ಗಂಧ ಹೊತ್ತ ವರ್ಷ

ಹೋದ ತಿಂಗಳು ಗಿರಿನಗರದಲ್ಲಿ ನನ್ನ ತಂಗಿಯ ಮೊಮ್ಮಗುವಿನ ನಾಮಕರಣವಿತ್ತು. ಈಗಿನ ನಾಮಕರಣ ಗೊತ್ತಲ್ಲ, ಹೂವಿನ ಅಲಂಕಾರಕ್ಕೆ ಬೇರೆ ಜನ, ಊಟಕ್ಕೆ ಬೇರೆ ಜನ, ಫೋಟೋಕ್ಕೆ ಬೇರೆ ಜನ. ಮಗುವನ್ನು ಹೆತ್ತದ್ದೊಂದು ಮನೆಯವರ ಪಾಲು. ಆ ಗದ್ದಲದ ನಡುವೆ ಎಲ್ಲಿಂದಲೋ ಗಂಧದ ವಾಸನೆ ಬಂತು. ಊದುಬತ್ತಿಯದಲ್ಲ, ಸೋಪಿನದೂ ಅಲ್ಲ. ಸಾಣೆಕಲ್ಲಿಗೆ ನೀರು ಹಾಕಿ ಕೊರಡು ತೇಯ್ದಾಗ ಬರುವ, ಸ್ವಲ್ಪ ಮರದ, ಸ್ವಲ್ಪ ಒದ್ದೆ ಕಲ್ಲಿನ ವಾಸನೆ. ಬಗ್ಗಿ ನೋಡಿದರೆ ದೇವರಮನೆಯ ಮುಂದೆ ಯಾರೋ ಒಬ್ಬ ಅಜ್ಜಿ ಕೂತು ತೇಯುತ್ತಿದ್ದರು. ಪಕ್ಕದಲ್ಲಿದ್ದ ಹುಡುಗಿ "ಆಂಟಿ, ಕೈ ನೋವಾ?" ಎಂದು ಕೇಳಿದಾಗಲೇ ನನ್ನ ಬಲಗೈ ಮಡಿಲಲ್ಲಿ ತಾನಾಗಿಯೇ ಸುತ್ತುತ್ತಿರುವುದು ನನಗೆ ಗೊತ್ತಾಗಿದ್ದು.

"ನೋವಲ್ಲಮ್ಮ, ಜಂಬ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಲು ಅಲ್ಲಿ ಹೊತ್ತೂ ಇರಲಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ತಿಲಕ್ ನಗರದಲ್ಲಿ. ಅಪ್ಪನಿಗೆ ಗಿರಣಿ ಕೆಲಸ. ನಮ್ಮ ಎಡಮನೆ, ಬಲಮನೆ ಎರಡೂ ಸಾಬರದು. ಹಾಗಾಗಿ ಕನ್ನಡದ ಜೊತೆಗೇ ಉರ್ದು ಬೈಗುಳವೂ ನನಗೆ ಬಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಟೈಪಿಂಗ್ ಕಲಿತೆ. ಆಮೇಲೆ ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೋಣನಕುಂಟೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟರು. ಆಗ ಜಯನಗರ ದಾಟಿದರೆ ಊರು ಮುಗಿಯಿತು ಎಂದು ಲೆಕ್ಕ. ಕನಕಪುರ ರಸ್ತೆಯ ಎರಡೂ ಕಡೆ ಮರಗಳು, ರಾಗಿ ಹೊಲ, ಮನಸ್ಸು ಬಂದಾಗ ಬರುವ ಒಂದು ಬಸ್ಸು. "ಹಳ್ಳಿಗೆ ಕೊಟ್ಟುಬಿಟ್ರಲ್ಲ" ಎಂದು ನಾನು ಅತ್ತೆ. ಈಗ ಅದೇ ಜಾಗದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಜನ ಅಳುತ್ತಾರೆ.

ಮನೆಯಲ್ಲಿ ಮೂರೇ ಜನ. ಮಾವ, ಅತ್ತೆ, ಒಬ್ಬನೇ ಮಗನಾದ ನನ್ನ ಗಂಡ. ಗಂಡ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಹೆಸರು ಚನ್ನಪ್ಪ. ನೋಡಿ, ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಆಗ ಆ ಹೆಸರು ನನ್ನ ಬಾಯಲ್ಲಿ ಬಂದಿದ್ದರೆ ಅತ್ತೆ ಸೌದೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ತಗ್ಗುತ್ತದೆ ಎಂಬುದು ಅವರ ನಂಬಿಕೆ. ಅವರು ಸ್ವತಃ ಮಗನನ್ನು 'ದೊಡ್ಡೋನು' ಎಂದೇ ಕರೆಯುತ್ತಿದ್ದರು, ಏಕೆಂದರೆ ಚನ್ನಪ್ಪ ಎಂಬುದು ಅವರ ಮಾವನ ಹೆಸರೂ ಹೌದು. ಆ ಮನೆಯಲ್ಲಿ ತಾತನ ಹೆಸರು ಮೊಮ್ಮಗನಿಗೆ ಬರುವುದು ಪದ್ಧತಿ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಚನ್ನಪ್ಪ. ಹಾಗಾಗಿ ಆ ಮನೆಗೆ ಬಂದ ಸೊಸೆಯರಲ್ಲಿ ಒಬ್ಬರಿಗೆ ಅದು ಗಂಡನ ಹೆಸರು, ಮುಂದಿನವರಿಗೆ ಮಾವನ ಹೆಸರು. ಯಾರೂ ಹೇಳುವ ಹಾಗಿಲ್ಲ.

ಊರ ಕೆರೆ ಏರಿಯ ಮೇಲೆ, ಹೊಂಗೆ ಮರದ ಕೆಳಗೆ, ಸಬೂರ್ ಷಾ ಅವರ ಗೋರಿ, ಅದರ ಸುತ್ತ ಒಂದು ಪುಟ್ಟ ದರ್ಗಾ ಇತ್ತು. ಅವರು ಯಾವ ಕಾಲದವರೋ ಖಚಿತವಾಗಿ ಯಾರಿಗೂ ತಿಳಿಯದು. ಸಿರಾ ಕಡೆಯಿಂದ ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಗಂಧದ ಕೊರಡು ಹಿಡಿದು ನಡೆದು ಬಂದವರಂತೆ. ಬಂದು ಕೂತ ಜಾಗ ಆ ಏರಿಗೆ ಅಂಟಿದ್ದ ಮೊದಲನೆಯ ಚನ್ನಪ್ಪನ ಹೊಲದ ಬದು. ಆ ಚನ್ನಪ್ಪನೋ ಊರಿಗೇ ಜಗಳಗಂಟ. ಬದುವಿನ ಮೇಲೆ ಯಾರ ಎಮ್ಮೆ ಕಾಲಿಟ್ಟರೂ ದೊಣ್ಣೆ ತೆಗೆಯುವ ಪೈಕಿ. ಫಕೀರ ಕೂತದ್ದನ್ನು ನೋಡಿ ಓಡಿಬಂದು ಬಾಯಿಗೆ ಬಂದಂತೆ ಬೈದ. ಸಬೂರ್ ಷಾ ನಕ್ಕು, "ಬೈಯಪ್ಪಾ, ಯಾರು ಬೇಡ ಅಂದ್ರು? ಸುಮ್ನೆ ಕೈ ಖಾಲಿ ಯಾಕೆ, ಇದನ್ನ ತೇಯ್ತಾ ಬೈ" ಎಂದು ಕೊರಡನ್ನೂ ಒಂದು ಕಲ್ಲನ್ನೂ ಮುಂದಿಟ್ಟರಂತೆ. ಅವನು ಹಟಕ್ಕೆ ಬಿದ್ದು ತೇಯುತ್ತಾ ಬೈದ. ಮಾರನೆಯ ದಿನವೂ ಬಂದ. ಬರುಬರುತ್ತಾ ಬೈಗುಳ ಕಡಿಮೆಯಾಯಿತು, ತೇಯುವುದು ಹೆಚ್ಚಾಯಿತು. ಕೊರಡು ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಚನ್ನಪ್ಪನ ಹತ್ತಿರ ಬೈಗುಳವೇ ಉಳಿದಿರಲಿಲ್ಲ. ಸಬೂರ್ ಎಂದರೆ ತಾಳ್ಮೆ. ಅವನ ಹೆಸರು ಬದಲಿಸು ಎಂದು ಅವರು ಕೇಳಲಿಲ್ಲ, ಮುನೇಶ್ವರನಿಗೆ ಪೂಜೆ ಬಿಡು ಎಂದೂ ಹೇಳಲಿಲ್ಲ. ತಮ್ಮ ಗುರು ಯಾರು, ಆ ಗುರುವಿನ ಗುರು ಯಾರು ಎಂದು ಮದೀನಾದವರೆಗೂ ಸಾಲಾಗಿ ಬಾಯಿಪಾಠ ಮಾಡಿಸಿ, ಆ ಸಾಲಿನ ಕೊನೆಯಲ್ಲಿ ಚನ್ನಪ್ಪನನ್ನೇ ನಿಲ್ಲಿಸಿದರು.

ಕೊನೆಗಾಲ ಬಂದಾಗ ಇಬ್ಬರು ಶಿಷ್ಯರನ್ನು ಕರೆದರಂತೆ. ಒಬ್ಬ ಚನ್ನಪ್ಪ, ಇನ್ನೊಬ್ಬ ಸಿರಾದಿಂದ ಹಿಂದೆಯೇ ಬಂದಿದ್ದವನು. "ಬಾಗಿಲು ನಿನ್ನದು, ಗಂಧ ಇವನದು. ಇವನು ತರಲಿ, ನೀನು ಕೇಳು" ಎಂದು ಸಿರಾದವನಿಗೆ ಹೇಳಿದರು. ಅಂದಿನಿಂದ ವರ್ಷಕ್ಕೊಮ್ಮೆ ಅವರ ಪುಣ್ಯದಿನಕ್ಕೆ ನಡೆಯುವ ಉರುಸಿಗೆ ಗೋರಿಗೆ ಹಚ್ಚುವ ಗಂಧ ನಮ್ಮ ಮನೆಯಿಂದಲೇ ಹೋಗಬೇಕು. ಹೊತ್ತವನು ಬಾಗಿಲಿಗೆ ಬಂದಾಗ ಒಳಗಿನಿಂದ ಗೋರಿ ನೋಡಿಕೊಳ್ಳುವ ಮುಜಾವರರು "ಯಾರ ಗಂಧ?" ಎಂದು ಕೇಳುತ್ತಾರೆ. "ಚನ್ನಪ್ಪನ ಗಂಧ" ಎನ್ನಬೇಕು. "ಚನ್ನಪ್ಪನ ಕೈ ಹಿಡಿದವರು ಯಾರು?" "ಸಬೂರ್ ಷಾ." ಹೀಗೆ ಒಂದೊಂದು ಕೊಂಡಿ ಹಿಡಿದು ಮೇಲೆ ಹತ್ತುತ್ತಾ ಮದೀನಾ ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಎಲ್ಲಾದರೂ ತಪ್ಪಿದರೆ ಗಂಧ ಮನೆಗೆ ವಾಪಸ್ಸು. ಬರೆದಿಡುವಂತಿಲ್ಲ, ಹಿಂದೆ ನಿಂತು ಯಾರೂ ಹೇಳಿಕೊಡುವಂತಿಲ್ಲ. ಮುಜಾವರರು ಆ ಸಾಲನ್ನು ಸಿಲ್ಸಿಲಾ ಎನ್ನುತ್ತಿದ್ದರು. ನಮ್ಮ ಊರವರು ಬರೀ ಸಾಲು ಎನ್ನುತ್ತಿದ್ದರು.

ನಾನು ಹೇಳುತ್ತಿರುವುದು ಆ ಮನೆಯಲ್ಲಿ ನನ್ನ ಎರಡನೆಯ ಮಳೆಗಾಲದ ಮಾತು. ಬಡಾವಣೆಗೆಂದು ನಮ್ಮ ಹೊಲ ಹೋಗಿತ್ತು. ರಾಗಿ ಇದ್ದ ಕಡೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಇಲ್ಲಿ ರಸ್ತೆ, ಇಲ್ಲಿ ಪಾರ್ಕು ಎಂದು ಹೇಳಿ ಹೋಗಿದ್ದರು. ಮಳೆ ಬಂದರೆ ಸುಣ್ಣ ಕರಗಿ ಕೆಂಪು ನೀರಿನಲ್ಲಿ ಹಾಲು ಬೆರೆಸಿದಂತೆ ಹರಿಯುತ್ತಿತ್ತು. ಊರಿನ ಗಂಡಸರು ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ನಮ್ಮ ಮಾವ ಮಾತ್ರ ಮುಖ ಬಾಡಿಸಿಕೊಳ್ಳಲಿಲ್ಲ. "ಹೊಲ ಹೋದ್ರೆ ಹೋಯ್ತು ಕಣಮ್ಮ. ಗಂಧ ಐತಲ್ಲ, ಅದ್ನ ಯಾವನೂ ಚೈನು ಹಿಡ್ದು ಅಳ್ಕೊಂಡ್ ಹೋಗಕ್ಕಾಗಲ್ಲ" ಎನ್ನುತ್ತಿದ್ದರು. ಊರಲ್ಲಿ ನಾವು ಯಾರು ಎಂದು ಹೇಳಲು ಉಳಿದಿದ್ದು ಅದೊಂದೇ.

ಆ ಸಾಲನ್ನು ಮಾವ ಇನ್ನೂ ಮಗನಿಗೆ ಕಲಿಸಿರಲಿಲ್ಲ. ಕೇಳಿದರೆ "ನಾನಿನ್ನೂ ಕಲ್ಲುಗುಂಡು ಇದ್ದಂಗಿದೀನಿ, ಏನವಸ್ರ?" ಎನ್ನುತ್ತಿದ್ದರು. ಆಷಾಢದ ಒಂದು ಬೆಳಿಗ್ಗೆ ಸುಣ್ಣದ ಗೆರೆ ದಾಟಿ ಹಳೆಯ ಬಾವಿಯ ಕಡೆ ಹೋದವರು ಅಲ್ಲೇ ಕುಸಿದು ಬಿದ್ದರು. ಲಕ್ವ. ಜಯನಗರದ ಆಸ್ಪತ್ರೆಯಿಂದ ವಾಪಸ್ಸು ಕರೆತಂದಾಗ ಬಲಗೈ, ಬಲಗಾಲು ಇರಲಿಲ್ಲವೆಂಬಂತೆ ಇದ್ದವು. ಮಾತು ಪೂರ್ತಿ ಹೋಗಿತ್ತು. ಬುದ್ಧಿ ಮಾತ್ರ ಚೊಕ್ಕವಾಗಿತ್ತು. ಅದೇ ನೋಡಲು ಕಷ್ಟ. ಮಗನನ್ನು ಹತ್ತಿರ ಕೂರಿಸಿಕೊಂಡು ಬಾಯಿ ತೆರೆಯುತ್ತಿದ್ದರು, ಒಂದು ಗೊಗ್ಗರು ಸದ್ದು ಬರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಉರುಸಿಗೆ ತಿಂಗಳೂ ಇರಲಿಲ್ಲ.

ದರ್ಗಾಕ್ಕೆ ಆಗ ಒಂದು ಕಮಿಟಿ ಇತ್ತು. ಅದರ ಸೆಕ್ರೆಟರಿ ತಿಲಕ್ ನಗರದವರೇ, ಮರದ ಡಿಪೋ ಇಟ್ಟವರು, ಒಳ್ಳೆಯ ಮನುಷ್ಯ. ಮಾವನನ್ನು ನೋಡಲು ಮೋಸಂಬಿ ತಂದಿದ್ದರು. ಹೊರಡುವಾಗ ಜಗಲಿಯಲ್ಲಿ ನಿಂತು ನನ್ನ ಗಂಡನಿಗೆ ಹೇಳಿದರು, "ಚನ್ನಪ್ಪ ಭಾಯಿ, ಬೇಜಾರ್ ಮಾಡ್ಕೋಬೇಡಿ. ಬಾಗ್ಲಲ್ಲಿ ಜವಾಬು ಇಲ್ದೆ ಗಂಧ ವಾಪಸ್ ಬಂದ್ರೆ ನಿಮ್ಗೂ ಅವಮಾನ, ನಮ್ಗೂ ಅವಮಾನ. ಈ ಸಲ ತಿಲಕ್ ನಗರದಿಂದ ತರೋಣ. ಕುದುರೆ, ಬ್ಯಾಂಡು ಎಲ್ಲಾ ಇಡ್ತೀವಿ. ಒಂದ್ಸಲ ಅಷ್ಟೇ."

ಒಂದು ಸಲ ಹೋದದ್ದು ವಾಪಸ್ಸು ಬರುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಒಳಗೆ ಮಂಚದ ಮೇಲಿದ್ದ ಮಾವ ಎಲ್ಲವನ್ನೂ ಕೇಳಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದರು. ಅವತ್ತು ಗಂಜಿ ಮುಟ್ಟಲಿಲ್ಲ.

ಚಂದ್ರ ಕಂಡ ದಿನದಿಂದ ಗಂಧ ತೇಯಲು ಶುರು ಮಾಡುವುದು ಪದ್ಧತಿ. ಯಾರು ಹೊತ್ತರೂ ಸರಿ, ತೇಯುವುದು ತಪ್ಪಬಾರದು ಎಂದು ಅತ್ತೆ ಸಾಣೆಕಲ್ಲು ತೊಳೆದರು. ತೇಯುವ ಕೆಲಸ ಹೆಂಗಸರದು. ಅತ್ತೆ ಒಂದು ಸುತ್ತು, ನಾನು ಒಂದು ಸುತ್ತು. ತೇಯುವಾಗ ಹೇಳಲು ಒಂದು ಹಾಡಿತ್ತು. ಅತ್ತೆಗೆ ಅವರ ಅತ್ತೆ ಕಲಿಸಿದ್ದು. ನನಗೆ ಹಿಂದಿನ ವರ್ಷವೇ ಪೂರ್ತಿ ಬಂದಿತ್ತು. ಕೈ ಸುತ್ತಿದರೆ ಸಾಕು, ಹಾಡು ತಾನೇ ಬಾಯಿಗೆ ಬರುತ್ತಿತ್ತು. ಅರ್ಥದ ಗೊಡವೆಗೆ ನಾನು ಹೋಗಿರಲಿಲ್ಲ. ನಡುವಿನ ಎರಡು ಪದ ಹೀಗಿದ್ದವು.

ಬಿಜಾಪುರದ ಬೀದೀಲಿ ದೀಪಾವ ಹಚ್ಚೋರು
ರೋಶನ್ ಷಾ ಅವರ ಕೈಹಿಡಿದು ಸಿರದಿಂದ
ಕಂಬಳಿ ಷಾ ಬಂದು ನಿಂತಾರೆ

ಸಿರದಲ್ಲಿ ಕೂತ್ಕೊಂಡು ಕಂಬಳಿಯ ನೇಯೋರು
ಅವರೊಂದು ಎಳೆಯ ಹಿಡಕೊಂಡು ನಮ್ಮೂರ
ಕೆರೆಗೆ ಬಂದೋರೆ ಸಬೂರ್ ಷಾ

ಹೀಗೆ ಸಾಗಿ ಕೊನೆಯ ಪದ ಹೊಂಗೆ ಮರದ ನೆರಳಿಗೆ ಬರುತ್ತಿತ್ತು. 'ಕೊರಡು ಕೊಟ್ಟಾರೆ, ತೇಯ್ದೋರು ನಮ್ಮನೆಯ ಹಿರಿಯೋರು, ಅವರ್ಯಾರೋ' ಎಂದು ಮುಗಿಯುತ್ತಿತ್ತು. ಅವತ್ತು 'ಅವರ್ಯಾರೋ' ಎಂದು ಎಳೆದು ಹಾಡುತ್ತಿದ್ದಂತೆ ಒಳಗೆ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಮಾವ ಎಡಗೈಯಿಂದ ಗೋಡೆ ಗುದ್ದುತ್ತಿದ್ದರು. ನೀರು ಕೊಟ್ಟೆವು, ಬೇಡ. ಹೊದಿಕೆ ಸರಿ ಮಾಡಿದೆವು, ಬೇಡ. ಮತ್ತೆ ಬಂದು ಹಾಡಿದೆವು. ಮತ್ತೆ ಅದೇ ಜಾಗದಲ್ಲಿ ಧಡ್. "ಏನೋ ಸಂಕ್ಟ ಪಡ್ತವ್ರೆ, ಹಾಡು ಸಾಕು ಮಾಡಣ" ಎಂದರು ಅತ್ತೆ.

ನನಗೆ ತಡೆಯಲಿಲ್ಲ. ಒಳಗೆ ಹೋಗಿ ಮಾವನ ಮಂಚದ ಹತ್ತಿರ ಕೂತು ಬರಿಗೈ ಸುತ್ತುತ್ತಾ ನಿಧಾನಕ್ಕೆ ಮೊದಲಿನಿಂದ ಹೇಳಿದೆ. ಮದೀನಾ, ಬಸ್ರಾ, ಬಗ್ದಾದು, ದೆಹಲಿ, ದೌಲತಾಬಾದು. ಒಂದೊಂದು ಹೆಸರಿಗೂ ಅವರು ಕಣ್ಣು ಮುಚ್ಚಿ ತೆರೆದು ಹೂಂಗುಟ್ಟುತ್ತಿದ್ದರು. 'ಅವರ್ಯಾರೋ' ಎಂದಾಗ ಕೈಯೆತ್ತಿ ಗೋಡೆಗೆ ಗುದ್ದಿದರು. ಆಗ ಅರ್ಥವಾಯಿತು. ಗಂಡಸರು ಬಾಗಿಲಲ್ಲಿ ಗಡಗಡ ಹೇಳುತ್ತಿದ್ದ ಸಾಲೂ ನಾವು ತೇಯುತ್ತಾ ಹಾಡುತ್ತಿದ್ದ ಹಾಡೂ ಒಂದೇ! ಅವರದು ಕೆಳಗಿಂದ ಮೇಲಕ್ಕೆ ಹೋಗುತ್ತಿತ್ತು, ನಮ್ಮದು ಮೇಲಿಂದ ಕೆಳಗೆ ಬರುತ್ತಿತ್ತು. ಉರುಸಿನ ದಿನ ಹೆಂಗಸರು ಊರ ಬಾಗಿಲಲ್ಲೇ ನಿಲ್ಲುತ್ತಿದ್ದುದರಿಂದ ಗಂಡಸರು ಹೇಳುವುದು ನಮಗೆ ಸರಿಯಾಗಿ ಕೇಳಿಸಿದ್ದೇ ಇಲ್ಲ. ನಮ್ಮ ಹಾಡಿನಲ್ಲಿ ಇಲ್ಲದ್ದು ಒಂದೇ ಹೆಸರು. ಅದನ್ನು ಯಾವ ಸೊಸೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅದಕ್ಕೇ ಗುದ್ದು.

"ಅತ್ತೇ, ಸಾಲು ನಮ್ಮತ್ರಾನೇ ಇದೆ!" ಎಂದು ಕೂಗಿಕೊಂಡು ಹೊರಗೆ ಬಂದೆ. ಅತ್ತೆ ನಂಬಲಿಲ್ಲ. ಮಾವನ ಮುಖ ನೋಡಿದ ಮೇಲೆ ನಂಬಿದರು. ಎಡಗೈ ಎತ್ತಿ ನನ್ನ ಕಡೆ ತೋರಿಸುತ್ತಾ ಮಾವ ನಗುತ್ತಿದ್ದರು. ಬಾಯಿ ಸೊಟ್ಟಗಾಗಿದ್ದರೂ ಅದು ನಗುವೇ.

ಮೊದಲು ಗಂಡನಿಗೆ ಕಲಿಸಲು ನೋಡಿದೆ. ಶಿಫ್ಟು ಮುಗಿಸಿ ಬಂದು ಕಾಫಿ ಲೋಟ ಹಿಡಿದು ಕೂರುತ್ತಿದ್ದರು. ಲೇತ್ ಮೇಲೆ ಕೂದಲೆಳೆಯಷ್ಟು ತಪ್ಪದೆ ಕೆಲಸ ಮಾಡುವ ಆ ಮನುಷ್ಯ ಸಾಲಿಗೆ ಬಂದರೆ ಬಗ್ದಾದಿನ ನೇಕಾರರನ್ನು ತಂದು ಬಿಜಾಪುರದಲ್ಲಿ ದೀಪ ಹಚ್ಚಿಸುತ್ತಿದ್ದರು. "ಇದು ನಿನ್ ಬಾಯಲ್ಲಿ ಹುಟ್ಟಿರೋದು ಕಣೆ, ನನ್ ಬಾಯಿಗೆ ಫಿಟ್ ಆಗಲ್ಲ" ಎಂದು ಕೈಚೆಲ್ಲಿದರು. ಕೊನೆಗೆ ಅವರೇ, "ನಡಿ, ಖಾದರ್ ಸಾಹೇಬ್ರನ್ನೇ ಕೇಳೋಣ" ಎಂದು ನನ್ನನ್ನು ಕರೆದುಕೊಂಡು ಹೋದರು.

ಖಾದರ್ ಸಾಹೇಬರೇ ದರ್ಗಾದ ಮುಜಾವರರು. ಸಿರಾದಿಂದ ಬಂದ ಆ ಇನ್ನೊಬ್ಬ ಶಿಷ್ಯನ ವಂಶದವರು. ಬಿಳಿ ಗಡ್ಡ, ಸಿಡುಕು ಮೂತಿ, ಒಳಗೆ ಬೆಣ್ಣೆ. ಹೊಂಗೆ ಮರದ ಕೆಳಗೆ ಚಾಪೆ ಹಾಕಿ ಕೂರಿಸಿದರು. ಗಂಡ ನೇರವಾಗಿ ಕೇಳಿಬಿಟ್ಟರು, "ಸಾಹೇಬ್ರೇ, ನಿಮ್ಗಂತೂ ಸಾಲು ಗೊತ್ತು. ನೀವೇ ನಂಗೆ ಹೇಳ್ಕೊಟ್ಬಿಡಿ."

"ಕೇಳೋನೇ ಹೇಳ್ಕೊಟ್ರೆ ಅದು ಬಾಗ್ಲು ಆಗ್ತದಾ? ಗೋಡೆ ಕಿತ್ ಹಾಕಿದಂಗೆ ಆಗ್ತದೆ" ಎಂದು ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹಾಡಮ್ಮ" ಎಂದರು.

ಹಾಡಿದೆ. ಕೈ ಚಾಪೆಯ ಮೇಲೆ ಸುತ್ತುತ್ತಿತ್ತು. ಅವರು ತಲೆ ತಗ್ಗಿಸಿ ಕೇಳಿದರು. ಹಾಡು ಮುಗಿದು ತಲೆ ಎತ್ತಿದಾಗ ಗಡ್ಡ ಒದ್ದೆಯಾಗಿತ್ತು. "ನಮ್ ಅಬ್ಬಾ ಹೇಳ್ತಿದ್ರು, ಆ ಮನೇಲಿ ಹೆಂಗಸ್ರೂ ಏನೋ ಹಾಡ್ತಾರೆ ಅಂತ. ನಾನು ಸೋಬಾನೆ ಪದ ಅನ್ಕೊಂಡಿದ್ದೆ. ಪೂರಾ ಇದೆಯಮ್ಮ. ಒಂದು ಬಿಟ್ಟು."

"ಆ ಒಂದು ಯಾವ್ದು ಅಂತ ನಂಗೆ ಗೊತ್ತು" ಅಂದೆ.

"ಹಂಗಾದ್ರೆ ನೀನೇ ತಗೊಂಡ್ ಬಾ."

"ಹೆಂಗಸ್ರು ತರ್ಬೋದಾ?"

"ತೇಯ್ದೋರೇ ತರ್ಬೇಕು ಅಂತ ಸಬೂರ್ ಷಾ ಹೇಳಿದ್ದು. ಇವರ ಕಡೆ ಗಂಡಸ್ರು ತೇಯೋದ್ ಬಿಟ್ರು, ಹೊರೋದ್ ಮಾತ್ರ ಬಿಡ್ಲಿಲ್ಲ. ಅದಕ್ಕೆ ನಾನೇನ್ ಮಾಡ್ಲಿ?" ಎಂದು ನನ್ನ ಗಂಡನನ್ನು ದುರುಗುಟ್ಟಿ ನೋಡಿದರು. ನನ್ನ ಗಂಡ, ಪಾಪ, ತಲೆ ಕೆರೆದುಕೊಂಡರು.

ಸುದ್ದಿ ಕೇಳಿದ ಸೆಕ್ರೆಟರಿ ಸಾಹೇಬರು ಸ್ಕೂಟರಿನಲ್ಲಿ ಓಡಿಬಂದರು. "ಯಾ ಅಲ್ಲಾ, ಹೊಸ ಸೊಸೆ, ಅಷ್ಟು ಜನದ ಮುಂದೆ, ಅದೂ ಈ ವರ್ಷ ಹೊಸದಾಗಿ ಇಡಿಸ್ತಿರೋ ಮೈಕಿನಲ್ಲಿ! ಒಂದು ಹೆಸರು ತಪ್ಪಿದ್ರೆ ನಾಲ್ಕು ಊರು ನಗುತ್ತೆ" ಎಂದು ಬೇಡಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ತಪ್ಪಿದ್ರೆ ನಾವೇ ವಾಪಸ್ ತರ್ತೀವಿ ಸಾಬ್ರೆ. ತಪ್ಪಕ್ ಮುಂಚೆನೇ ಕಿತ್ಕೊಬೇಡಿ" ಎಂದರು. ನನ್ನ ಅಡುಗೆಗೆ ಒಂದು ದಿನವೂ ಚೆನ್ನಾಗಿದೆ ಎನ್ನದ ಅತ್ತೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ನನಗೆ ಅಳುವೇ ಬಂತು.

ಆಮೇಲೆ ಶುರುವಾಯಿತು ನಿಜವಾದ ಪಾಡು. ಹಾಡನ್ನು ಮೇಲಿಂದ ಕೆಳಗೆ ಹೇಳುವುದು ನೀರು ಕುಡಿದಷ್ಟು ಸಲೀಸು. ಬಾಗಿಲಲ್ಲಿ ಹೇಳಬೇಕಾದ್ದು ಕೆಳಗಿಂದ ಮೇಲಕ್ಕೆ. ತಿರುಗಿಸಿ ಹೇಳಲು ಹೋದರೆ ಎರಡನೆಯ ಹೆಸರಿಗೇ ನಾಲಿಗೆ ಜಾರಿ ಮತ್ತೆ ಕೆಳಗೆ ಬಂದುಬಿಡುತ್ತಿತ್ತು. ಪಾತ್ರೆ ತೊಳೆಯುವಾಗ, ರೊಟ್ಟಿ ತಟ್ಟುವಾಗ, ಎಲ್ಲ ಕಡೆ ಪ್ರಯತ್ನಪಟ್ಟೆ. ಒಂದು ದಿನ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಹೊಳೆಯಿತು. ಹಗ್ಗ ಬಿಡುವಾಗ ಹಾಡಿನ ಹಾಗೆ ಕೆಳಗೆ ಹೋಗುವುದು, ಸೇದುವಾಗ ಒಂದೊಂದು ಎಳೆತಕ್ಕೆ ಒಂದೊಂದು ಹೆಸರು ಹಿಡಿದು ಮೇಲಕ್ಕೆ ಬರುವುದು. ಪ್ರತಿ ಪದದ ಕೊನೆಯಲ್ಲಿ ಮುಂದಿನವರ ಹೆಸರಿತ್ತಲ್ಲ, ಅದೇ ನನಗೆ ಹಿಡಿಕೆ. ಸಬೂರ್ ಷಾ, ಎಳೆ. ಕಂಬಳಿ ಷಾ, ಎಳೆ. ರೋಶನ್ ಷಾ, ಎಳೆ. ಮನೆಯ ಹಂಡೆ, ಕೊಡ, ಬಕೀಟು ಎಲ್ಲ ತುಂಬಿದವು. ಪಕ್ಕದ ಮನೆಯವರದೂ ತುಂಬಿಸಿಕೊಟ್ಟೆ. "ಗುರುಗಳ ದಯೆಯಿಂದ ಊರಿಗೆಲ್ಲ ನೀರಾಯ್ತು" ಎಂದು ಗಂಡ ರೇಗಿಸಿದರು.

ಎಲ್ಲ ಬಂತು, ಮೊದಲನೆಯ ಹೆಸರನ್ನು ಮಾತ್ರ ನಾನು ಒಂದು ಸಲವೂ ಹೇಳಿ ನೋಡಲಿಲ್ಲ. ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರು, "ಅದ್ನ ಬಾಗ್ಲಲ್ಲೇ ಹೇಳು. ಮನೇಲಿ ಬೇಡ. ಮನೇಲಿ ಈಗ್ಲೇ ಒಬ್ರು ಮಲ್ಗವ್ರೆ." ನಗಬೇಡಿ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದೇ ಅಂದುಕೊಂಡಿದ್ದೆ. ಆದರೆ ಕಲ್ಲುಗುಂಡಿನಂಥ ಮಾವ ಒಂದು ಬೆಳಿಗ್ಗೆಯಲ್ಲಿ ಮಂಚ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಗಂಡನನ್ನು ನಾನು ತುಂಬ ಪ್ರೀತಿಸುತ್ತಿದ್ದೆ. ಆ ಹೆಸರು ನಾಲಿಗೆಯ ತುದಿಗೆ ಬಂದರೆ ನುಂಗಿಬಿಡುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ಒಂದು ಸಲ ಅವರಿಗೆ ಹೇಳಿಯೇಬಿಟ್ಟೆ, ನನಗೆ ಭಯವಾಗುತ್ತಿದೆ ಎಂದು.

"ನನ್ ಆಯಸ್ಸು ನಿನ್ ನಾಲ್ಗೆ ಮೇಲೆ ನಿಂತಿಲ್ಲ ಕಣೆ" ಅಂದರು. "ಅದು ದಿನಾ ಬಸ್ಸಿನ್ ಫುಟ್‌ಬೋರ್ಡ್ ಮೇಲೆ ನಿಂತ್ಕೊಂಡ್ ಹೋಗ್ ಬರ್ತಿದೆ. ನೀನ್ ಧೈರ್ಯವಾಗಿ ಹೇಳು."

ಉರುಸಿನ ದಿನ ಮಧ್ಯಾಹ್ನದಿಂದ ಮಳೆ ಬಿಟ್ಟೂಬಿಡದೆ ಹೊಡೆಯಿತು. ಸಂಜೆಗೆ ಸ್ವಲ್ಪ ಹೊಳವಾಯಿತು. ತೇಯ್ದ ಗಂಧವನ್ನು ಪನ್ನೀರಿನಲ್ಲಿ ಕಲಸಿ, ಹಿತ್ತಾಳೆ ಬಿಂದಿಗೆಗೆ ತುಂಬಿ, ಹಸಿರು ಬಟ್ಟೆ ಮುಚ್ಚಿ, ಮಲ್ಲಿಗೆ ಸುತ್ತಿ ಅತ್ತೆ ನನ್ನ ತಲೆಯ ಮೇಲಿಟ್ಟರು. ಅವರು ಬರಲಿಲ್ಲ, ಮಾವನ ಹತ್ತಿರ ಕೂತರು. ದರ್ಗಾದ ಮೈಕಿನ ಒಂದು ಹಾರ್ನನ್ನು ನಮ್ಮ ಮನೆಯ ಕಡೆಗೇ ತಿರುಗಿಸಿ ಕಟ್ಟಿಸಿದ್ದರು ಸೆಕ್ರೆಟರಿ ಸಾಹೇಬರು, ಮಾವನಿಗೆ ಕೇಳಿಸಲಿ ಎಂದು. ಮುಂದೆ ನಮ್ಮ ಊರಿನ ತಮಟೆ, ಹಿಂದೆ ತಿಲಕ್ ನಗರದ ಬ್ಯಾಂಡು. ನನ್ನ ಪಕ್ಕದಲ್ಲಿ ಗಂಡ, ಬಿಂದಿಗೆಯ ಮೇಲೆ ಕೊಡೆ ಹಿಡಿದುಕೊಂಡು. ಬಿಂದಿಗೆಗೆ ಮಾತ್ರ, ನನಗಲ್ಲ. ಊರ ಬಾಗಿಲಿನ ಹತ್ತಿರ ಹೆಂಗಸರು ಎಂದಿನಂತೆ ನಿಂತರು. ನಾನು ನಿಲ್ಲದೆ ಮುಂದೆ ಹೋದೆ. ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಸೀರೆ ಎತ್ತಿ ಹಿಡಿದು ನನ್ನ ಹಿಂದೆ ಕೆಸರಿಗೆ ಇಳಿದರು. ಸುಣ್ಣದ ಗೆರೆ, ನೆಟ್ಟ ಕಲ್ಲು ಎಲ್ಲವನ್ನೂ ದಾಟಿಕೊಂಡು, ನಮ್ಮದಾಗಿದ್ದ ಹೊಲದ ಮೇಲೆಯೇ ನಡೆದೆವು.

ಹಸಿರು ಬಾಗಿಲು ಮುಚ್ಚಿತ್ತು. ಒಳಗಿಂದ ಲೋಬಾನದ ಹೊಗೆ ಸಂದಿಯಲ್ಲಿ ಬರುತ್ತಿತ್ತು. ತಮಟೆ, ಬ್ಯಾಂಡು ಎರಡೂ ನಿಂತವು. ಸೆಕ್ರೆಟರಿ ಸಾಹೇಬರು ತಾವೇ ಮೈಕನ್ನು ಹಿಡಿದು ನನ್ನ ಬಾಯಿಯ ಹತ್ತಿರ ತಂದರು.

"ಯಾರ ಗಂಧ?" ಎಂದರು ಒಳಗಿನಿಂದ ಖಾದರ್ ಸಾಹೇಬರು.

ನನ್ನ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಹೊಂಗೆ ಮರದಿಂದ ಮಳೆಹನಿ ಬೀಳುವುದು ಮೈಕಿನಲ್ಲಿ ಕೇಳುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಯಾರೋ "ಅಯ್ಯೋ ಪಾಪ" ಎಂದರು. ಮಾತು ಹೋದ ಮಾವ ಮಗನ ಮುಂದೆ ಬಾಯಿ ತೆರೆದು ಕೂರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವರಿಗೆ ಹೇಳಲು ಆಸೆಯಿತ್ತು, ಬಾಯಿ ಇರಲಿಲ್ಲ. ನನಗೆ ಬಾಯಿದೆ, ನಾನೇಕೆ ಸುಮ್ಮನಿದ್ದೇನೆ? ನನ್ನ ಮೇಲೆ ನನಗೇ ಸಿಟ್ಟು ಬಂತು.

"ಚನ್ನಪ್ಪನ ಗಂಧ!" ಎಂದು ಕಿರುಚಿದೆ.

"ಆಂ? ಏನೇ?" ಎಂದರು ಪಕ್ಕದಲ್ಲಿದ್ದ ನನ್ನ ಗಂಡ. ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಮೊದಲ ಸಲ ಕೇಳಿ ಗಾಬರಿಯಲ್ಲಿ ಓಗೊಟ್ಟಿದ್ದರು. ಅದೂ ಮೈಕಿನಲ್ಲಿ ಹೋಯಿತು. ಇಡೀ ಕೆರೆ ಏರಿ ಗೊಳ್ಳೆಂದು ನಕ್ಕಿತು. ನನ್ನ ಹಿಂದಿದ್ದ ಹೆಂಗಸರಂತೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆ ನಗೆಯಲ್ಲಿ ನನ್ನ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಳಗಿನಿಂದ ಖಾದರ್ ಸಾಹೇಬರು ಗಂಭೀರವಾಗಿಯೇ ಕೇಳಿದರು, "ಚನ್ನಪ್ಪನ ಕೈ ಹಿಡಿದವರು ಯಾರು?"

"ಸಬೂರ್ ಷಾ."

"ಸಬೂರ್ ಷಾ ಕೈ ಹಿಡಿದವರು ಯಾರು?"

"ಸಿರಾದ ಕಂಬಳಿ ಷಾ."

ಎರಡು ಕೈಯೂ ಬಿಂದಿಗೆಯ ಮೇಲಿದ್ದವು, ಸುತ್ತುವ ಹಾಗಿಲ್ಲ. ಕಾಲಿನ ಹೆಬ್ಬೆರಳು ತಾನೇ ಒದ್ದೆ ಕಲ್ಲಿನ ಮೇಲೆ ಸುತ್ತಲು ಶುರು ಮಾಡಿತು. ಬಿಜಾಪುರದ ದೀಪ ಹಚ್ಚುವವರು, ದೌಲತಾಬಾದಿನಲ್ಲಿ ನೀರು ಹೊರುವವರು, ದೆಹಲಿಯ ಹಿರಿಯರು, ಬಗ್ದಾದಿನ ನೇಕಾರರು, ಬಸ್ರಾದವರು. ಕೇಳುವವರ ದನಿ ಏರಿತು, ನನ್ನ ದನಿಯೂ ಏರಿತು. ಕೊನೆಕೊನೆಗೆ ಅವರ ಪ್ರಶ್ನೆ ಮುಗಿಯುವ ಮೊದಲೇ ನಾನು ಉತ್ತರ ಹೇಳುತ್ತಿದ್ದೆ. ಮದೀನಾ ಮುಟ್ಟಿದಾಗ ಒಳಗೆ ಅಗುಳಿ ಸರಿದ ಸದ್ದು ಕೇಳಿತು. ಬಾಗಿಲು ತೆರೆಯಿತು. ತಮಟೆಯವರು ಹೊಡೆದರು ನೋಡಿ, ಬ್ಯಾಂಡಿನವರಿಗೆ ಬಾಯಿ ಹಾಕಲು ಬಿಡಲಿಲ್ಲ. ಸೆಕ್ರೆಟರಿ ಸಾಹೇಬರು ಮೈಕನ್ನು ಎದೆಗವಚಿಕೊಂಡು "ಸುಭಾನಲ್ಲಾ, ಸುಭಾನಲ್ಲಾ" ಎಂದು ಮಕ್ಕಳ ಹಾಗೆ ಅಳುತ್ತಿದ್ದರು.

ಖಾದರ್ ಸಾಹೇಬರು ಹೊಸ್ತಿಲಲ್ಲಿ ನಿಂತು ಬಿಂದಿಗೆ ಇಳಿಸಿಕೊಂಡರು. ಫಾತೆಹಾ ಓದುವ ಮೊದಲು, "ನಿನ್ನ ಹೆಸರೇನಮ್ಮ?" ಎಂದು ಕೇಳಿದರು. ಜಯಮ್ಮ ಅಂದೆ. ಒಳಗೆ ಹೋಗಿ ಪ್ರಾರ್ಥನೆಯಲ್ಲಿ ಮದೀನಾದಿಂದ ಶುರು ಮಾಡಿ ಇಳಿಯುತ್ತಾ ಬಂದು, ಸಬೂರ್ ಷಾ, ಚನ್ನಪ್ಪ ಎಂದು ಹೇಳಿ, ಆಮೇಲೆ "ಈ ವರ್ಷ ಗಂಧ ತಂದ ಜಯಮ್ಮ" ಎಂದು ಸ್ಪಷ್ಟವಾಗಿ ಕೂಗಿದರು. ಮೈಕು ಊರಿಗೆಲ್ಲ ಅದನ್ನು ಹೇಳಿತು. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಅಷ್ಟು ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಗೋರಿಗೆ ಹಚ್ಚಿ ಉಳಿದ ಗಂಧವನ್ನು ಬಟ್ಟಲಿನಲ್ಲಿ ಮನೆಗೆ ತಂದು ಮೊದಲು ಮನೆಯ ಹಿರಿಯರಿಗೆ ಕೊಡಬೇಕು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ಎಲ್ಲ ಸರಿಯಾಗಿದ್ದಾನೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನಗೆ ದೃಷ್ಟಿ ತೆಗೆದರು. "ಮೂರೂರಿಗೆ ಕೇಳ್ಸಂಗೆ ಕಿರುಚ್ಬುಟ್ಯಲ್ಲೇ" ಎಂದು ಬೈದರು. ಬೈಯುತ್ತಾ ಬೈಯುತ್ತಾ ನನ್ನ ಕೆನ್ನೆ ಸವರುತ್ತಿದ್ದರು.

ಮಾವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ನಾನು ಮಂಚದ ಹತ್ತಿರ ನೆಲದ ಮೇಲೆ ಕೂತು ಬಟ್ಟಲು ಹಿಡಿದೆ. ಅವರು ಎಡಗೈಯನ್ನು ಕಷ್ಟಪಟ್ಟು ಚಾಚಿ ಎರಡು ಬೆರಳು ಅದ್ದಿದರು. ಹಣೆಗೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡು ನಾನು ಕೈ ಆಸರೆ ಕೊಟ್ಟೆ. ಅವರು ಕೈ ಬಿಡಿಸಿಕೊಂಡರು. ಮುಂದೆ ಬಗ್ಗಿ, ಆ ಬೆರಳುಗಳನ್ನು ನನ್ನ ಗಂಟಲಿನ ಮೇಲಿಟ್ಟು, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದರು. ಬಾಗಿಲಿನ ಹತ್ತಿರ ಅತ್ತೆ "ಅಯ್ಯೋ ಶಿವನೇ" ಎಂದು ಬಾಯಿಗೆ ಸೆರಗು ಹಿಡಿದರು. ಗಂಧ ಹೊರುವ ಹಕ್ಕನ್ನು ಅಪ್ಪ ಮಗನಿಗೆ ಬಿಟ್ಟುಕೊಡುವುದು ಹಾಗೆ ಎಂದು ಅವರು ನನಗೆ ಹೇಳಿದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ಗಂಟಲು ತಣ್ಣಗಾಗಿತ್ತು, ಮಾವ ಇನ್ನೂ ಬೆರಳು ತೆಗೆದಿರಲಿಲ್ಲ, ಮತ್ತು ಕೇಳಿಸಿಕೊಳ್ಳಲು ಕಾದಿರುವವರ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ, "ಚನ್ನಪ್ಪನ ಗಂಧ."